ಹೋತ ಅಲ್ಲ, ಪೋತದಾರ

ವಿಜಯಪುರದ ಬಸ್ ನಿಲ್ದಾಣದಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ನನ್ನ ಚೀಲದ ಮೇಲಿನ ‘ಪೋತದಾರ’ ಅನ್ನೋ ಅಡ್ಡಹೆಸರು ಓದಿ, “ನಿಮ್ಮ ಹಿರೇರು ರೊಕ್ಕ ಪಾರಕ ಮಾಡ್ತಿದ್ರೇನ್ರಿ?” ಅಂದಿರಿ. ನನಗೆ ತಲೆಬುಡ ತಿಳೀಲಿಲ್ಲ.

ಶಾಲೆಯಲ್ಲಿ ನಾನು ಬರೀ ‘ಹೋತ’. ಹಳಗನ್ನಡದ ಪೋತವೇ ಇವತ್ತಿನ ಹೋತ ಅಂತ ಮೇಷ್ಟ್ರು ಬೇರೆ ಪುರಾವೆ ಒದಗಿಸಿದ್ದರು!

ಅದು ಪಾರಸಿಯ ‘ಫೋತದಾರ್’ ಅಂತ ಬಿಡಿಸಿ ಹೇಳಿದವರು ನೀವು. ಫೋತ ಅಂದರೆ ಹಣದ ಚೀಲ, ಕಂದಾಯದ ದುಡ್ಡು. ಅದನ್ನು ನೋಡಿಕೊಳ್ಳುವವನು ಫೋತದಾರ. ಆ ದುಡ್ಡು ಖರೆಯೋ ಖೋಟಾನೋ ಅಂತ ಪರೀಕ್ಷಿಸೋದೇ ನೀವಂದ ‘ಪಾರಕ’; ಹಳ್ಳಿಗಳಲ್ಲಿ ಈ ಕೆಲಸ ಅಕ್ಕಸಾಲಿಗರಿಗೂ ಬಂತು. ಚಿನ್ನ, ನಾಣ್ಯ ಪರೀಕ್ಷಿಸುವ ನಮ್ಮ ಚಿನಿವಾರನ ಕಸುಬೇ ಅನ್ನಿ. 1835ರಲ್ಲಿ ಕಂಪನಿ ಸರ್ಕಾರ ಎಲ್ಲ ಕಡೆಗೂ ಒಂದೇ ಮಾದರಿಯ, ತೊಲ ತೂಕದ ರೂಪಾಯಿ ತರುವ ಮುಂಚೆ ಸಂತೆಯಲ್ಲಿ ಹತ್ತಾರು ಟಂಕಸಾಲೆಗಳ ನಾಣ್ಯ. ಯಾವುದಕ್ಕೆ ಎಷ್ಟು ವಟ್ಟ, ಅಂದರೆ ಬೆಲೆಯಲ್ಲಿ ಕಡಿತ, ಮುರಿಯಬೇಕು ಅಂತ ಪೋತದಾರನೇ ಹೇಳಬೇಕು.

ಆಮೇಲೆ ಜೇಬಿನಿಂದ ಸವೆದ ಬೆಳ್ಳಿ ರೂಪಾಯಿ ತೆಗೆದು ಕಲ್ಲುಬೆಂಚಿಗೆ ಕುಕ್ಕಿ, “ಕೇಳ್ರಿ” ಅಂದಿರಿ. ಠಣ್ ಅಂತ ಉದ್ದಕ್ಕೆ ಎಳೆಯಿತು. ಅಂಚಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಮೊಳೆಗುರುತು, ಯಾರೋ ಪರೀಕ್ಷಿಸಿ ಒತ್ತಿದ್ದು. ಉಗುರಿನಿಂದ ಸವರಿ ನೋಡಿದೆ.

ಊರಿಗೆ ಬಂದು ಅಟ್ಟ ಹುಡುಕಿದೆ. ಅಂಗೈಯಷ್ಟು ಹಿತ್ತಾಳೆ ತಕ್ಕಡಿ ಸಿಕ್ಕಿತು, ಒಂದು ತಟ್ಟೆ ಇಲ್ಲ. ಅದರಲ್ಲಿ ಅಜ್ಜಿ ಕುಂಕುಮ ಇಡ್ತಿದ್ದಳಂತೆ.

ತುಂಬಾ ಥ್ಯಾಂಕ್ಸ್ ರೀ. ಚಹಾದ ದುಡ್ಡೂ ನೀವೇ ಕೊಟ್ಟಿರಿ, ಅದು ನನ್ನ ಬಾಕಿ.