ಗಾಳಿ ಮೊದಲು ಖಾಲಿಯಾಗಿದ್ದು ನನ್ನದೇ

ಮಾನ್ಯ ಸಂಪಾದಕರೇ,

ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ‘ಫಿಟ್ ಆಗಿದ್ದರೆ ಚಿಂತೆಯಿಲ್ಲ’ ಎಂಬ ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನೂ ಹಾಗೇ ಅಂದುಕೊಂಡು ಹೋದವನು.

ನನಗೆ 46 ವರ್ಷ. ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಎರಡು ದಿನ ಜಿಮ್. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತುತ್ತೇನೆ. ಕಳೆದ ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ಬೋಟಿನಲ್ಲಿ ಹೋಗಿ ಇಳಿದೆ. 12 ಮೀಟರ್ ಆಳದಲ್ಲಿ, 24ನೇ ನಿಮಿಷಕ್ಕೆ, ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ನನ್ನ ಗೇಜಿನ ಮುಳ್ಳು 200ರಿಂದ 50 ಬಾರ್‌ಗೆ ಬಂದಿತ್ತು. ಅಂದರೆ ಮೇಲೆ ಹೋಗಲೇಬೇಕು. ನನಗೆ ಜೋಡಿಯಾಗಿ ಇಳಿದವರು 58ರ ಸಂಗೀತದ ಟೀಚರ್. ಜಿಮ್ಮಿನ ಬಾಗಿಲು ನೋಡಿದವರಲ್ಲ. ಅವರದ್ದು ಇನ್ನೂ 110 ಇತ್ತು. ನನ್ನಿಂದಾಗಿ ಅವರೂ ಮೇಲೆ ಬರಬೇಕಾಯಿತು. ಅವರು ಏನೂ ಅನ್ನಲಿಲ್ಲ, ಸುಮ್ನೆ ಚಕ್ಕುಲಿ ಡಬ್ಬಿ ಮುಂದೆ ಹಿಡಿದರು. ಬೈದಿದ್ದರೇ ವಾಸಿಯಿತ್ತು.

ನನ್ನ 82 ಕಿಲೋ ಮೈಯೂ ಸ್ವಲ್ಪ ಕಾರಣ, ಒಪ್ಪುತ್ತೇನೆ. ಆದರೆ ಜಾಸ್ತಿ ಕೆಡಿಸಿದ್ದು ಅಭ್ಯಾಸ. ಓಡುವಾಗ ಉಸಿರು ಸಾಲದಿದ್ದರೆ ಬೇಗ ಬೇಗ ಎಳೆದುಕೊಳ್ಳುತ್ತೇವೆ. ನೆಲದ ಮೇಲೆ ಗಾಳಿ ಪುಕ್ಕಟೆ, ನಡೆಯುತ್ತದೆ. 10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು. ಒಂದೊಂದು ಉಸಿರಿಗೂ ಸಿಲಿಂಡರಿನಿಂದ ದುಪ್ಪಟ್ಟು ಗಾಳಿ ಹೋಗುತ್ತದೆ. ಗಾಳಿ ದಟ್ಟವಾಗಿರುತ್ತದೆ ಬೇರೆ. ಎದೆಯ ಮೇಲ್ಭಾಗದಲ್ಲೇ ಏದುಸಿರು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ. ಅದು ಉಳಿದಷ್ಟೂ ಉಸಿರು ಸಾಲದು ಅನ್ನಿಸುತ್ತದೆ, ಮತ್ತೆ ಏದುಸಿರು. ಸಾಲದ್ದಕ್ಕೆ ನಾನು ರೇಸಿಗೆ ಬಂದವನಂತೆ ಕಾಲು ಬಡಿಯುತ್ತಿದ್ದೆ. ನೀರಿನಲ್ಲಿ ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ.

ಜಿಮ್ಮಿನ ಅಭ್ಯಾಸದ ಕಿತಾಪತಿ ಇನ್ನೂ ದೊಡ್ಡದು. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ಮುಂಚೆ ಎದೆ ತುಂಬ ಉಸಿರೆಳೆದು ಬಿಗಿಹಿಡಿಯುತ್ತೇನೆ. ನೀರಲ್ಲಿ ಸ್ವಲ್ಪ ಗಾಬರಿಯಾದರೂ ಗೊತ್ತಿಲ್ಲದೆ ಅದೇ ಕೆಲಸ. ತುಂಬಿದ ಎದೆ ಬಲೂನಿನಂತೆ ಮೇಲಕ್ಕೆತ್ತುತ್ತದೆ. ಇನ್‌ಸ್ಟ್ರಕ್ಟರ್ ಎರಡು ಸಲ ನನ್ನ ಕಾಲಿನ ಫಿನ್ (ಈಜುರೆಕ್ಕೆ) ಹಿಡಿದು ಕೆಳಗೆಳೆದರು. ಉಸಿರು ಹಿಡಿದು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಪ್ರಾಣಾಯಾಮ ಮಾಡುವವರೂ ಉಸಿರು ತಡೆಹಿಡಿಯುವ ಕುಂಭಕವನ್ನು ಬೋಟಿನಲ್ಲೇ ಬಿಟ್ಟು ಇಳಿಯಬೇಕು. ಗಾಳಿ ಉಳಿಸೋಣವೆಂದು ತಡೆದು ತಡೆದು ಉಸಿರಾಡುವ ಜಾಣರೂ ಇದ್ದಾರೆ. ಅವರಿಗೆ ಸಿಗುವುದು ತಲೆನೋವು.

ಓಟ ಬಿಡಿ ಅನ್ನುತ್ತಿಲ್ಲ. ಸಿಲಿಂಡರ್ ಹೊತ್ತು ಅಲುಗಾಡುವ ಏಣಿ ಹತ್ತುವಾಗ, ಎದುರು ಸೆಳೆತ ಸಿಕ್ಕಾಗ ಕಾಲಲ್ಲಿ ಕಸುವು ಬೇಕೇ ಬೇಕು. ಈಗ ಓಟ ಮುಗಿದ ಮೇಲೆ ಕೆರೆ ಏರಿಯಲ್ಲಿ ಕಾಲು ಗಂಟೆ ನಿಧಾನ ನಡೆಯುತ್ತೇನೆ. ನಾಲ್ಕು ಹೆಜ್ಜೆ ಉಸಿರು ಒಳಗೆ, ಎಂಟು ಹೆಜ್ಜೆ ಹೊರಗೆ, ನಡುವೆ ತಡೆಯುವುದಿಲ್ಲ. ಇದನ್ನು ಹೇಳಿಕೊಟ್ಟಿದ್ದು ಟೀಚರೇ. ‘ಹಾಡೋದು ಅಂದ್ರೆ ಉಸಿರನ್ನ ನಿಧಾನವಾಗಿ ಖರ್ಚು ಮಾಡೋದು ಅಲ್ವಾ’ ಅಂದಿದ್ದರು.

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಅದೇ ಜಾಗ, ಅದೇ ಆಳ. 50 ಬಾರ್‌ಗೆ ಬರಲು ನನಗೆ 38 ನಿಮಿಷ ಹಿಡಿಯಿತು. ಟೀಚರ್ ಗೇಜಿನಲ್ಲಿ ಆಗಲೂ ನನಗಿಂತ 30 ಜಾಸ್ತಿ ಇತ್ತು.

– ಒಬ್ಬ ಓದುಗ, ಮೈಸೂರು