ಕೀಟ್ಸ್ ಮನೆ ಪಕ್ಕದ ಲೈಬ್ರರಿ

ಲಂಡನ್, ಭಾನುವಾರ

ಪ್ರೀತಿಯ ಅಪ್ಪ, ಅವ್ವ,

ನಾನಿಲ್ಲಿ ಆರಾಮಾಗಿದ್ದೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಅಪ್ಪ, ಈ ಪತ್ರ ಜಾಸ್ತಿ ನಿಮಗೇ. ನಿನ್ನೆ ಹ್ಯಾಂಪ್‌ಸ್ಟೆಡ್‌ನ ಒಂದು ಲೈಬ್ರರಿಗೆ ಹೋಗಿದ್ದೆ. ಹೆಸರು ಕೀಟ್ಸ್ ಕಮ್ಯುನಿಟಿ ಲೈಬ್ರರಿ. ಕಾಲೇಜಿನಲ್ಲಿ ನಿಮಗೆ ಪಾಠಕ್ಕಿತ್ತಲ್ಲ ನೈಟಿಂಗೇಲ್ ಹಕ್ಕಿಯ ಪದ್ಯ, ಅದನ್ನು ಬರೆದ ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಹೆಸರೇ ಇದಕ್ಕೆ. ಪಕ್ಕದಲ್ಲೇ ಅವನಿದ್ದ ಮನೆ. ರಸ್ತೆಗೂ ಅವನದೇ ಹೆಸರು.

1818ರ ಡಿಸೆಂಬರಿನಲ್ಲಿ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡ ಮೇಲೆ ಕೀಟ್ಸ್ ಈ ಮನೆಗೆ ಬಂದ. ತಮ್ಮನಿಗೆ ಆಗ ಬರೀ 19 ವರ್ಷ. ಮುಂದಿನ ವಸಂತದಲ್ಲಿ ತೋಟದ ಪ್ಲಮ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಒಂದೇ ಬೆಳಗ್ಗೆ ಆ ಪದ್ಯ ಬರೆದನಂತೆ. 1820ರ ಫೆಬ್ರವರಿಯಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ವೈದ್ಯಕೀಯ ಕಲಿತವನು, ತಮ್ಮನ ಆರೈಕೆ ಮಾಡಿದವನು. ನೋಡಿದ ಕೂಡಲೇ ತನಗೂ ಅದೇ ರೋಗ ಅಂತ ತಿಳಿಯಿತು. ಮರುವರ್ಷ ರೋಮ್‌ನಲ್ಲಿ ಹೋಗಿಬಿಟ್ಟ. 25 ವರ್ಷ ಅಪ್ಪ, ನನಗಿಂತ ಚಿಕ್ಕವನು. ಆ ತೋಟದಲ್ಲಿ ನಿಂತಾಗ ಗಂಟಲು ಕಟ್ಟಿತು.

ಲೈಬ್ರರಿ ಕಟ್ಟಡ 1931ರದ್ದು. ಖರ್ಚು ಕಡಿಮೆ ಮಾಡಬೇಕು ಅಂತ ಊರಾಡಳಿತ 2012ರಲ್ಲಿ ಕೈಬಿಟ್ಟಿತು. ಆಗ ಬಾಗಿಲು ಮುಚ್ಚಲು ಬಿಡದೆ ಅಕ್ಕಪಕ್ಕದವರೇ ವಹಿಸಿಕೊಂಡರು. ಇವತ್ತಿಗೂ ಸಂಬಳ ಇಲ್ಲದೆ ಬಂದು ಕೆಲಸ ಮಾಡುವವರಿಂದಲೇ ನಡೆಯುತ್ತಿದೆ. ಒಬ್ಬ ಅಜ್ಜ ಬಗ್ಗಿ ಬಗ್ಗಿ ಮಕ್ಕಳ ಪುಸ್ತಕ ಜೋಡಿಸುತ್ತಿದ್ದರು. ನೀವು ನನ್ನನ್ನು ಸೈಕಲ್ ಬಾರ್ ಮೇಲೆ ಕೂರಿಸಿಕೊಂಡು ದುರ್ಗದ ಲೈಬ್ರರಿಗೆ ಹೋಗುತ್ತಿದ್ದಿರಿ. ನಾನು ಚಿತ್ರದ ಪುಸ್ತಕ ಹರಡಿ ಕೂತರೆ ನೀವು ಪೇಪರ್ ಮುಗಿಸಿ ಸುಮ್ನೆ ಕಾಯುತ್ತಿದ್ದಿರಿ, ಒಂದು ದಿನವೂ ಅವಸರ ಮಾಡಲಿಲ್ಲ. ಶನಿವಾರ ಬಂದು ಕೆಲಸ ಮಾಡುತ್ತೇನೆ ಅಂತ ನಾನೂ ಹೆಸರು ಕೊಟ್ಟು ಬಂದೆ.

ಕಣ್ಣಿನ ಆಪರೇಷನ್ ಆದಮೇಲೆ ನೀವು ಲೈಬ್ರರಿ ಕಡೆ ಹೋಗಿಲ್ಲ ಅಂತ ಅಣ್ಣ ಹೇಳಿದ. ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೀರಿ, ಅಲ್ವಾ? ಅದು ನಿಮ್ಮದೇ ಲೈಬ್ರರಿ. ಹೊಸ ಕನ್ನಡಕವೂ ಬಂದಿದೆ. ಪುಟ್ಟಿಯನ್ನು ಕರೆದುಕೊಂಡು ಹೋಗಿ, ಅವಳ ಹೆಸರಿಗೊಂದು ಕಾರ್ಡ್ ಮಾಡಿಸಿ. ಪುಸ್ತಕ ಅವಳೇ ಆರಿಸಲಿ, ನೀವು ಹೇಳಿಕೊಡಬೇಡಿ. ಏನು ತಂದಳು ಅಂತ ಮುಂದಿನ ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ಅವ್ವ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ.

ನಿಮ್ಮ ಮಗಳು