ಅಣಬೆ ಚೀಲಗಳ ಮಾರಾಟದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ದಾವಣಗೆರೆ

ಮಾನ್ಯ ಗ್ರಾಹಕ ಬಂಧುಗಳಿಗೆ ಮತ್ತು ಸಂಘದ ಸದಸ್ಯರಿಗೆ,

ಸಾದರ ನಮಸ್ಕಾರಗಳು.

ಅಣಬೆ ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ನೂಲು) ಕೊಳ್ಳುವ ಎಲ್ಲರಿಗೂ ಒಂದೇ ಬಗೆಯ ಪ್ಲಾಸ್ಟಿಕ್ ಕವರನ್ನು ಜೊತೆಗೆ ಕೊಡುವ ಪದ್ಧತಿಯನ್ನು ಮುಂದಿನ ತಿಂಗಳಿನಿಂದ ನಮ್ಮ ಮಳಿಗೆಯಲ್ಲಿ ನಿಲ್ಲಿಸಲಿದ್ದೇವೆ. ಇನ್ನು ಮುಂದೆ ಮೂರು ಬಗೆಯ ಚೀಲಗಳು ಬೇರೆ ಬೇರೆಯಾಗಿ ದೊರೆಯುತ್ತವೆ: ಬೇಯಿಸಿದ ಹುಲ್ಲನ್ನು ತುಂಬುವ ಸಾದಾ ಪಾಲಿಥಿನ್ ಕವರ್, ಬಾಯಿಗೆ ರಿಂಗ್ ಮತ್ತು ಹತ್ತಿ ಬಿರಡೆ ಹಾಕಿ ಬಳಸುವ, ಹೆಚ್ಚು ಶಾಖ ತಾಳುವ ಪಿಪಿ (ಪಾಲಿಪ್ರೊಪಿಲೀನ್) ಚೀಲ, ಹಾಗೂ ಗಾಳಿಯಾಡುವ ಫಿಲ್ಟರ್ ಪಟ್ಟಿ ಅಂಟಿಸಿದ ಪಿಪಿ ಚೀಲ. ಪಾಲಿಥಿನ್ನಿನದೇ ಗಟ್ಟಿ ಬಗೆಯಾದ, ನಸು ಬಿಳುಪಾಗಿ ಮಬ್ಬು ಮಬ್ಬಾಗಿ ಕಾಣುವ ಎಚ್‌ಡಿಪಿಇ ಕವರುಗಳನ್ನು ಇನ್ನು ತರಿಸುವುದಿಲ್ಲ. ಹುಲ್ಲಿನಲ್ಲಿರುವ ಬೂಸ್ಟು, ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಎಂಬ ರಾಸಾಯನಿಕಗಳ ಮಾರಾಟವೂ ನಿಲ್ಲುತ್ತದೆ. ಈ ಬದಲಾವಣೆಯಿಂದ ಕೆಲವರಿಗೆ ಖರ್ಚು ಹೆಚ್ಚುವುದರಿಂದ, ಕಾರಣಗಳನ್ನು ಬಿಡಿಸಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಹರಿಹರ, ಮಲೇಬೆನ್ನೂರು ಕಡೆಯ ಭದ್ರಾ ನಾಲೆಯ ಗದ್ದೆಗಳಿಂದ ಬರುವ ಭತ್ತದ ಹುಲ್ಲಿನಲ್ಲಿ ಸಿಂಪಿ ಅಣಬೆ ಬೆಳೆಯುವವರೇ ಮೊದಲು ನಮ್ಮ ಗ್ರಾಹಕರಲ್ಲಿ ಹೆಚ್ಚಿನವರಾಗಿದ್ದರು. ಹುಲ್ಲನ್ನು ಎರಡು ಅಂಗುಲದಷ್ಟು ಕತ್ತರಿಸಿ, ನೆನೆಸಿ, ಹಂಡೆಯಲ್ಲಿ 80 ಡಿಗ್ರಿಗೆ ಕಡಿಮೆಯಾಗದ ನೀರಿನಲ್ಲಿ ಒಂದು ಗಂಟೆ ಇರಿಸಿ, ಬಸಿದು ಆರಿಸಿ, ಆಮೇಲೆ ಕವರಿಗೆ ತುಂಬುವುದು ಅವರ ಕ್ರಮ. ಇಲ್ಲಿ ಕವರಿಗೆ ಬಿಸಿ ತಾಗುವುದೇ ಇಲ್ಲವಾದ್ದರಿಂದ ಸಾದಾ ಪಾಲಿಥಿನ್ ಸಾಕಾಗುತ್ತದೆ. ಆದರೆ ಈಚೆಗೆ ಮರದ ಪುಡಿ, ಮೆಕ್ಕೆಜೋಳದ ಬೆಂಡಿನ ನುಚ್ಚು, ಹತ್ತಿಯ ಕಸ ಇವುಗಳಿಗೆ ಗೋಧಿ ಬೂಸಾ ಅಥವಾ ಅಕ್ಕಿ ತೌಡು ಬೆರೆಸಿ ಬೆಳೆಯುವವರೂ, ಜೋಳದ ಕಾಳಿನಲ್ಲಿ ಮನೆಯಲ್ಲೇ ಬೀಜ ಮಾಡಿಕೊಳ್ಳುವವರೂ ಹೆಚ್ಚಾಗಿದ್ದಾರೆ. ಇವರು ಹಸಿ ಮಿಶ್ರಣವನ್ನು ಮೊದಲು ಚೀಲಕ್ಕೆ ತುಂಬಿ, ಚೀಲದ ಸಮೇತ ಕುಕ್ಕರಿನಲ್ಲಿ ಬೇಯಿಸಬೇಕು. ಆದ್ದರಿಂದ ಯಾವ ಚೀಲ ಬೇಕೆಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ನಿಮ್ಮ ಪದಾರ್ಥ ಚೀಲಕ್ಕೆ ಹೋಗುವ ಮೊದಲು ಬೇಯುತ್ತದೆಯೋ, ಚೀಲಕ್ಕೆ ಹೋದ ಮೇಲೆ ಬೇಯುತ್ತದೆಯೋ? ಮಳಿಗೆಯಲ್ಲಿ ನಮ್ಮ ಸಿಬ್ಬಂದಿ ನಿಮ್ಮನ್ನು ಮೊದಲು ಇದನ್ನೇ ಕೇಳುತ್ತಾರೆ. ಹುಲ್ಲು ಬೇಯಿಸಿ ತುಂಬುವವರು ದುಬಾರಿ ಚೀಲ ಕೊಳ್ಳುವ ಅಗತ್ಯ ಖಂಡಿತ ಇಲ್ಲ, ನಾವಾಗಿ ಅದನ್ನು ಅವರಿಗೆ ಮಾರುವುದೂ ಇಲ್ಲ.

ಹುಲ್ಲಿಗೆ ಬಿಸಿನೀರು ಸಾಕಾಗಿ, ಬೂಸಾ ಬೆರೆಸಿದ ಪುಡಿಗೆ ಸಾಕಾಗದಿರುವುದೇಕೆ ಎಂದು ಹಲವರು ಕೇಳಿದ್ದಾರೆ. ಹುಲ್ಲು ಬಡ ಆಹಾರ. ಅದರಲ್ಲಿ ಸಿಂಪಿ ಅಣಬೆಯ ಬಿಳಿ ನೂಲು ಬೇರೆ ಬೂಸ್ಟುಗಳಿಗಿಂತ ಬೇಗ ಹಬ್ಬಿಕೊಳ್ಳುತ್ತದೆ, ಅಳಿದುಳಿದ ಸೂಕ್ಷ್ಮಜೀವಿಗಳೂ ಅದಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬೂಸಾ, ತೌಡು, ಬೆಂದ ಜೋಳ ಇವು ಸಾರವುಳ್ಳ ಆಹಾರವಾದ್ದರಿಂದ ಹಸಿರು ಬೂಸ್ಟಿಗೂ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಪ್ರಿಯ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸಿನಲ್ಲಿ. ಹೀಗಾಗಿ ಒತ್ತಡದ ಹಬೆ ಬೇಕು, 121 ಡಿಗ್ರಿಯ ಹತ್ತಿರದ ಶಾಖ ಬೇಕು. ಆ ಶಾಖವನ್ನು ತಾಳುವ ಚೀಲವೂ ಬೇಕು.

ಸಾದಾ ಪಾಲಿಥಿನ್, ಅಂದರೆ ಎಲ್‌ಡಿಪಿಇ, ಸುಮಾರು 105ರಿಂದ 115 ಡಿಗ್ರಿಯಲ್ಲಿ ಕರಗುತ್ತದೆ. ಎಚ್‌ಡಿಪಿಇ ಕರಗುವುದು 125 ಡಿಗ್ರಿ ದಾಟಿದ ಮೇಲೆಯಾದರೂ ಕುಕ್ಕರಿನ ಶಾಖದಲ್ಲಿ ಮೆತ್ತಗಾಗಿ ಜಗ್ಗುತ್ತದೆ, ಅಂಚಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಪಾಲಿಪ್ರೊಪಿಲೀನ್, ಅಂದರೆ ಪಿಪಿ, ಕರಗಬೇಕಾದರೆ 160 ಡಿಗ್ರಿಯಾದರೂ ಆಗಬೇಕು. ಹರಿಹರದ ಕಡೆಯ ಸದಸ್ಯೆಯೊಬ್ಬರು ಕುಕ್ಕರನ್ನೇ ಹಿಡಿದುಕೊಂಡು ಮಳಿಗೆಗೆ ಬಂದಿದ್ದರು. ಹುಲ್ಲಿಗೆಂದು ಒಯ್ದಿದ್ದ ಕವರಿನಲ್ಲಿ ಅವರು ಜೋಳ ತುಂಬಿ ಬೇಯಿಸಿದ್ದರು. ಕವರು ಕುಕ್ಕರಿನ ತಳಕ್ಕೆ ತೆಳುವಾದ ಹಾಳೆಯಂತೆ ಅಂಟಿತ್ತು, ಅದರ ಮೇಲೆ ಜೋಳದ ಕಾಳುಗಳು ಸಾಲುಸಾಲಾಗಿ ಹುದುಗಿಕೊಂಡಿದ್ದವು. ಚಾಕುವಿನಿಂದ ಕೆರೆದರೂ ಅದು ಪೂರ್ತಿ ಬರಲಿಲ್ಲ. ಅಡುಗೆಗೆ ಬಳಸುವ ಪಾತ್ರೆಯೊಂದು ಹೀಗೆ ಹಾಳಾಗುವುದು ಯಾವ ಮನೆಗೂ ಸಣ್ಣ ನಷ್ಟವಲ್ಲ.

ಹೊರಗಡೆ ಕೊಳ್ಳುವವರು ಪಿಪಿ ಚೀಲವನ್ನು ಗುರುತಿಸಲು ಕಲಿತಿರುವುದು ಒಳ್ಳೆಯದು. ಪಿಪಿ ಗಾಜಿನಂತೆ ತಿಳಿಯಾಗಿ ಹೊಳೆಯುತ್ತದೆ, ಮುದುರಿದರೆ ಗರಗರ ಸದ್ದು ಮಾಡುತ್ತದೆ, ಎಳೆದರೆ ಸುಲಭವಾಗಿ ಹಿಗ್ಗದೆ ಅಂಚಿನಿಂದ ಸೀಳಿಕೊಳ್ಳುತ್ತದೆ. ಸಾದಾ ಪಾಲಿಥಿನ್ ಮೃದುವಾಗಿದ್ದು ಬೆರಳಿನಿಂದ ಒತ್ತಿ ಎಳೆದರೆ ಹಿಗ್ಗುತ್ತಾ ಹೋಗುತ್ತದೆ. ಎಚ್‌ಡಿಪಿಇ ಸಹ ಗರಗರ ಎನ್ನುತ್ತದೆಯಾದರೂ ಮಬ್ಬಾಗಿರುತ್ತದೆ, ಮತ್ತು ಮೋಸ ಹೋಗುವುದು ಹೆಚ್ಚಾಗಿ ಇದರಲ್ಲಿಯೇ. ಕಟ್ಟಿನ ಮೇಲೆ ತ್ರಿಕೋನದೊಳಗೆ 5 ಎಂದು ಮುದ್ರಿಸಿದ್ದರೆ ಅದು ಪಿಪಿ, 4 ಎಂದಿದ್ದರೆ ಎಲ್‌ಡಿಪಿಇ, 2 ಎಂದಿದ್ದರೆ ಎಚ್‌ಡಿಪಿಇ. ದಪ್ಪವನ್ನು ನಮ್ಮಲ್ಲಿ ಗೇಜಿನಲ್ಲಿ ಹೇಳುವುದು ರೂಢಿ. 100 ಗೇಜ್ ಎಂದರೆ 25 ಮೈಕ್ರಾನ್. ಕುಕ್ಕರಿಗೆ 200 ಗೇಜಿಗಿಂತ ತೆಳುವಾದದ್ದನ್ನು ಬಳಸಬೇಡಿರೆಂದು ನಮ್ಮ ಸಲಹೆ, ಏಕೆಂದರೆ ಬೆಂಡಿನ ಚೂರು, ಮರದ ಸಿಬಿರು ಇವು ತೆಳು ಚೀಲವನ್ನು ಕಣ್ಣಿಗೆ ಕಾಣದಂತೆ ಚುಚ್ಚುತ್ತವೆ. ತುಂಬುವ ಮೊದಲು ಪುಡಿಯನ್ನು ಜರಡಿ ಹಿಡಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಫಿಲ್ಟರ್ ಪಟ್ಟಿಯ ಕೆಲಸವೆಂದರೆ ಗಾಳಿಯನ್ನು ಬಿಟ್ಟು ಬೂಸ್ಟಿನ ಬೀಜಾಣುಗಳನ್ನು ತಡೆಯುವುದು. ಬೇಯಿಸಿದ ಚೀಲ ಆರುವಾಗ ಒಳಗಿನ ಹಬೆ ಕುಗ್ಗಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗಾಳಿ ಸೋಸಿ ಬರಬೇಕು. ಅನಂತರ ಬೆಳೆಯುವ ಅಣಬೆಯ ನೂಲಿಗೂ ಉಸಿರಾಡಲು ಗಾಳಿ ಬೇಕು. ಪಟ್ಟಿಗಳು 0.2, 0.5 ಮತ್ತು 5 ಮೈಕ್ರಾನ್ ರಂಧ್ರದವು ಬರುತ್ತವೆ. ರಂಧ್ರ ಕಿರಿದಾದಷ್ಟೂ ರಕ್ಷಣೆ ಹೆಚ್ಚು, ಗಾಳಿಯಾಟ ಕಡಿಮೆ. ಬೀಜ ತಯಾರಿಸುವವರಿಗೆ 0.2 ಅಥವಾ 0.5 ಸೂಕ್ತ. ನಾವು ತರಿಸುತ್ತಿರುವುದು 0.5 ಮೈಕ್ರಾನಿನದು, ಮನೆಯ ಬಳಕೆಗೆ ಎರಡೂ ಕಡೆಯಿಂದ ಹೊಂದುವುದು ಅದೇ ಎಂಬುದು ನಮ್ಮ ಅಭಿಪ್ರಾಯ. ಪಟ್ಟಿ ಒದ್ದೆಯಾದರೆ ಗಾಳಿಯೂ ಹೋಗುವುದಿಲ್ಲ, ಆ ತೇವದ ಮೂಲಕ ಬ್ಯಾಕ್ಟೀರಿಯಾ ಒಳಸೇರುವ ಅಪಾಯವೂ ಉಂಟು. ಆದ್ದರಿಂದ ತುಂಬುವಾಗಲೇ ಪಟ್ಟಿಗೆ ಮಿಶ್ರಣ ತಾಗದಂತೆ, ಚೀಲದ ಮೇಲ್ಭಾಗ ಮೂರನೆಯ ಒಂದರಷ್ಟು ಖಾಲಿ ಉಳಿಯುವಂತೆ ನೋಡಿಕೊಳ್ಳಬೇಕು. ಫಿಲ್ಟರ್ ಚೀಲದ ಬೆಲೆ ಹೆಚ್ಚೆನಿಸುವವರಿಗೆ ಪಿಪಿ ಚೀಲ, ರಿಂಗ್ ಮತ್ತು ನೀರು ಹೀರದ ಹತ್ತಿಯ ಹಳೆಯ ಕ್ರಮವೇ ಉತ್ತಮ. ಬೀಜ ತಯಾರಿಸುವ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದದ್ದೂ ಅದೇ. ಔಷಧದಂಗಡಿಯ ಸಾಮಾನ್ಯ ಹತ್ತಿ ನೀರು ಹೀರುವುದರಿಂದ ಅದು ಇದಕ್ಕೆ ಆಗುವುದಿಲ್ಲ.

ಇನ್ನು ಕುಕ್ಕರಿನಲ್ಲಿ ಬೇಯಿಸುವ ಕ್ರಮ. ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಬೇಕು. ನೀರು ಧಾರೆಯಾಗಿ ಇಳಿದರೆ ಚೀಲದ ತಳದಲ್ಲಿ ನಿಂತು ಹುಳಿವಾಸನೆ ಹುಟ್ಟುತ್ತದೆ. ಹೊಸಬರು ಬೂಸಾವನ್ನು ಒಣ ತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ಬೆರೆಸದಿರುವುದು ಲೇಸು. ಚೀಲದ ಬಾಯಿಯನ್ನು ಮಡಚಿ, ಪಟ್ಟಿ ಹೊರಮುಖವಾಗಿರುವಂತೆ ಇರಿಸಿ. ಕುಕ್ಕರಿನ ತಳದಲ್ಲಿ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಇಡ್ಲಿ ತಟ್ಟೆ ಇಟ್ಟು, ನೀರು ತಟ್ಟೆಗಿಂತ ಕೆಳಗಿರುವಂತೆ ನೋಡಿಕೊಂಡು ಚೀಲಗಳನ್ನು ನಿಲ್ಲಿಸಿ. ಚೀಲ ಪಾತ್ರೆಯ ಗೋಡೆಗೆ ಒತ್ತಬಾರದು, ನಡುವೆ ದಪ್ಪ ಬಟ್ಟೆ ಇರಲಿ. ಬಹಳ ಮುಖ್ಯವಾದ ಮಾತೆಂದರೆ, ಉಬ್ಬಿದ ಚೀಲ ಮುಚ್ಚಳದ ಹಬೆ ಕಿಂಡಿಯನ್ನು ಮುಚ್ಚಿಬಿಟ್ಟರೆ ಕುಕ್ಕರ್ ಸಿಡಿಯುವ ಅಪಾಯವಿದೆ. ಅದಕ್ಕಾಗಿ ಚೀಲಗಳ ಮೇಲೆ ಇನ್ನೊಂದು ಇಡ್ಲಿ ತಟ್ಟೆಯನ್ನು ಕವುಚಿ ಹಾಕಿ, ಅದರ ಮತ್ತು ಮುಚ್ಚಳದ ನಡುವೆ ಕನಿಷ್ಠ ನಾಲ್ಕು ಬೆರಳಿನಷ್ಟು ಜಾಗ ಬಿಡಲೇಬೇಕು.

ಮುಚ್ಚಳ ಹಾಕಿ ಕೂಡಲೇ ವೆಯಿಟ್ ಇಡಬೇಡಿ. ಕಿಂಡಿಯಿಂದ ಹಬೆ ಬಿರುಸಾಗಿ ಬರತೊಡಗಿದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಟ್ಟು, ಒಳಗಿನ ಗಾಳಿಯೆಲ್ಲ ಹೋದ ಮೇಲೆ ಇಡಿ. ಗಾಳಿ ಉಳಿದರೆ ಒತ್ತಡ ಬಂದರೂ ಶಾಖ ಬರುವುದಿಲ್ಲ. ಮೊದಲ ಸೀಟಿಯಾದ ನಂತರ ಉರಿ ಸಣ್ಣಗೆ ಮಾಡಿ, ವೆಯಿಟ್ ಮೆಲ್ಲಗೆ ಸುಯ್ಯೆನ್ನುತ್ತಿರುವಂತೆ ಇರಿಸಿಕೊಂಡು, ಒಂದು ಕಿಲೋ ಚೀಲಕ್ಕೆ ಎರಡು ಗಂಟೆ, ಎರಡು ಕಿಲೋ ಚೀಲಕ್ಕೆ ಎರಡೂವರೆ ಗಂಟೆ ಬೇಯಿಸಿ. ಸೀಟಿಗಳನ್ನು ಎಣಿಸುವ ಅಡುಗೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಸೀಟಿಗೂ ನೀರು ಖರ್ಚಾಗಿ ತಳ ಒಣಗುತ್ತದೆ. ನಮ್ಮ ಊರಿನ ಎತ್ತರದಿಂದಾಗಿ ಕುಕ್ಕರಿನೊಳಗಿನ ಶಾಖವೂ ಒಂದು ಡಿಗ್ರಿಯಷ್ಟು ಕಡಿಮೆ ಇರುವುದನ್ನು ಗಮನದಲ್ಲಿಟ್ಟುಕೊಂಡೇ ಈ ಅವಧಿಯನ್ನು ಹೇಳಿದ್ದೇವೆ. ಉರಿ ಆರಿಸಿದ ಮೇಲೆ ವೆಯಿಟ್ ಎತ್ತಿ ಹಬೆ ಬಿಡಬಾರದು, ತಣ್ಣೀರೂ ಸುರಿಯಬಾರದು. ಹೊರಗಿನ ಒತ್ತಡ ಒಮ್ಮೆಲೇ ಇಳಿದರೆ ಚೀಲ ಉಬ್ಬಿ ಬೆಸುಗೆ ಒಡೆಯುತ್ತದೆ. ರಾತ್ರಿ ಬೇಯಿಸಿ ಬೆಳಿಗ್ಗೆ ತೆಗೆಯುವುದು ಎಲ್ಲಕ್ಕಿಂತ ಸುಲಭ. ಬೀಜ ಹಾಕುವಾಗ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕೈಗೆ ಸ್ಪಿರಿಟ್ ಹಚ್ಚಿಕೊಂಡು ಅದು ಪೂರ್ತಿ ಆರಿದ ಮೇಲೆ ಕೆಲಸ ಮಾಡಿ. ಉರಿಯುವ ದೀಪ ಹತ್ತಿರವಿದ್ದರೆ ಸ್ಪಿರಿಟ್ ಬಾಟಲಿ ದೂರವಿರಲಿ. ಒಂದು ಕಿಲೋ ಮಿಶ್ರಣಕ್ಕೆ 30ರಿಂದ 50 ಗ್ರಾಂ ಬೀಜ ಸಾಕು.

ಚೀಲದ ಅಳತೆಯನ್ನು ಋತುವಿಗೆ ತಕ್ಕಂತೆ ಆರಿಸಿಕೊಳ್ಳಬೇಕು. ನೂಲು ಹಬ್ಬುವಾಗ ಚೀಲ ತಾನೇ ಬಿಸಿಯಾಗುತ್ತದೆ, ಅದರ ನಡುಭಾಗ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಮಾರ್ಚಿನಿಂದ ಮೇವರೆಗೆ ದಾವಣಗೆರೆ, ಚಿತ್ರದುರ್ಗದ ಬಿಸಿಲಿನಲ್ಲಿ ದೊಡ್ಡ ಚೀಲ ಇಟ್ಟರೆ ಸಿಂಪಿ ಅಣಬೆಯ ನೂಲು ನಡುವಿನಲ್ಲಿಯೇ ಬೆಂದುಹೋಗುತ್ತದೆ. ಆ ತಿಂಗಳುಗಳಲ್ಲಿ ಒಂದು ಕಿಲೋ ಚೀಲ ಬಳಸಿ, ಒಂದಕ್ಕೊಂದು ತಾಗದಂತೆ ಇಡಿ. ಇಲ್ಲವೇ 30ರಿಂದ 35 ಡಿಗ್ರಿಯಲ್ಲಿ ಚೆನ್ನಾಗಿ ಬರುವ ಹಾಲು ಅಣಬೆಗೆ ಬದಲಾಯಿಸಿಕೊಳ್ಳಿ. ಮಳೆಗಾಲ, ಚಳಿಗಾಲದಲ್ಲಿ ಎರಡು ಕಿಲೋ ಚೀಲ ಧಾರಾಳವಾಗಿ ನಡೆಯುತ್ತದೆ.

ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಬೆರೆಸಿದ ನೀರಿನಲ್ಲಿ ಹುಲ್ಲನ್ನು ರಾತ್ರಿಯಿಡೀ ನೆನೆಸುವ ಕ್ರಮ ದೇಶದಲ್ಲಿ ಬಹಳ ಕಡೆ ಇದೆ, ಸೌದೆ ಗ್ಯಾಸಿನ ಖರ್ಚು ಉಳಿಯುತ್ತದೆಂಬುದೂ ನಿಜ. ಆದರೆ ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಹಿತ್ತಲಿನಲ್ಲಿ, ಬಚ್ಚಲುಮನೆಯ ಪಕ್ಕದಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಕೆಲಸ ಮಾಡುವವರು. ಫಾರ್ಮಲಿನ್ ಹೊಗೆ ಕಣ್ಣು, ಗಂಟಲುಗಳನ್ನು ಸುಡುತ್ತದೆ, ಅದರ ವಾಸನೆಯನ್ನು ದೀರ್ಘಕಾಲ ಸೇವಿಸುವುದು ಕ್ಯಾನ್ಸರಿಗೆ ಕಾರಣವಾಗಬಲ್ಲದು. ಬಿಸಿನೀರಿನಿಂದ ಆಗುವ ಕೆಲಸಕ್ಕೆ ಅದನ್ನು ಮನೆಯೊಳಗೆ ಕಳಿಸಲು ಆಡಳಿತ ಮಂಡಳಿಗೆ ಮನಸ್ಸಿಲ್ಲ.

ಬೆಲೆಯ ವಿಷಯ. ಸಾದಾ ಕವರಿನ ಬೆಲೆ ಈಗಿರುವಷ್ಟೇ. ಎರಡು ಕಿಲೋ ಪಿಪಿ ಚೀಲ, ರಿಂಗ್ ಮತ್ತು ಹತ್ತಿ ಸೇರಿ ₹8, ಫಿಲ್ಟರ್ ಚೀಲ ₹20. ರಿಂಗ್‌ಗಳನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು. ಪಿಪಿ ಚೀಲವನ್ನು ಎರಡನೆಯ ಬಾರಿ ಬೇಯಿಸಬೇಡಿ. ಒಮ್ಮೆ ಬೆಂದ ಮೇಲೆ ಅದು ಪೆಡಸಾಗಿ ಮಡಿಕೆಗಳಲ್ಲಿ ಸಣ್ಣ ರಂಧ್ರ ಬೀಳುತ್ತದೆ. ಬೆಳೆ ಮುಗಿದ ಚೀಲವನ್ನು ಒಲೆಗೆ ಹಾಕದೆ, ಪಟ್ಟಿಯ ಭಾಗ ಕತ್ತರಿಸಿ, ತೊಳೆದು ಒಣಗಿಸಿ ಮಳಿಗೆಗೆ ತಂದುಕೊಡಿ, ಗುಜರಿಗೆ ಒಟ್ಟಾಗಿ ಕಳಿಸುತ್ತೇವೆ. ಒಳಗಿನ ಉಳಿಕೆ ಎರೆಗೊಬ್ಬರಕ್ಕೂ ಅಡಿಕೆ ಮರದ ಬುಡಕ್ಕೂ ಒಳ್ಳೆಯದು. ಹಸಿರು ಬೂಸ್ಟು ಬಂದ ಚೀಲವನ್ನು ಮಾತ್ರ ಮನೆಯೊಳಗೆ ಬಿಚ್ಚದೆ, ಬೆಳೆಯ ಕೋಣೆಯಿಂದ ದೂರ ಒಯ್ದು ಒಳಗಿನದನ್ನು ಮಣ್ಣಿನಲ್ಲಿ ಹೂಳಬೇಕು.

ನಮ್ಮಲ್ಲಿ ಕೊಂಡ ಎಚ್‌ಡಿಪಿಇ ಕವರುಗಳು ಬಳಸದೆ ಉಳಿದಿದ್ದರೆ ಈ ತಿಂಗಳ ಕೊನೆಯೊಳಗೆ ತನ್ನಿ. ರಸೀದಿ ಇಲ್ಲದಿದ್ದರೂ ಅಷ್ಟೇ ಮೊತ್ತಕ್ಕೆ ಬೇರೆ ಚೀಲ ಕೊಡುತ್ತೇವೆ. ಬೀಜಕ್ಕೆ ಮುಂಗಡ ಹೇಳುವಾಗ ಹುಲ್ಲಿಗೋ ಪುಡಿಗೋ ಕಾಳಿಗೋ ಎಂಬುದನ್ನೂ, ನಿಮ್ಮ ಕುಕ್ಕರ್ ಎಷ್ಟು ಲೀಟರಿನದೆಂಬುದನ್ನೂ ತಿಳಿಸಿದರೆ ಅದಕ್ಕೆ ಹೊಂದುವ ಅಳತೆಯ ಚೀಲಗಳನ್ನು ತೆಗೆದಿರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ